ಅಭಿಮನ್ಯುವಿಗೆ ಕಾಲುನೋವು

ಸುರಕ್ಷಾಳ ಕಾಲುನೋವಿಗೆ ಕಾರಣ ಯಾರು ಎಂದು ಕೇಳಿದರೆ ದ್ರೋಣ, ಕರ್ಣ, ಕೃಪ, ದುಶ್ಶಾಸನ ಎಂದು ನಾಲ್ಕು ಹೆಸರು ತಟ್ಟನೆ ಹೇಳಬಹುದಿತ್ತು. ಆದರೆ ಮೂಡಬಿದಿರೆಯ ಆ ಫಿಸಿಯೋಥೆರಪಿ ಕ್ಲಿನಿಕ್ಕಿನ ಫಾರ್ಮಿನಲ್ಲಿ ಅಷ್ಟು ಜನರಿಗೆ ಜಾಗವಿರಲಿಲ್ಲ.

ವಾರದಲ್ಲಿ ಐದು ದಿನ ಅವಳು ಬೆಳ್ತಂಗಡಿಯ ತಾಲೂಕು ಕಚೇರಿಯಲ್ಲಿ ಕಿಟಕಿಯ ಹಿಂದೆ ಕುಳಿತು ಜನರ ಅರ್ಜಿ ತೆಗೆದುಕೊಳ್ಳುವ ಗುಮಾಸ್ತೆ. ಉಳಿದೆರಡು ದಿನ ಬಂಟ್ವಾಳದ ಮಹಿಳಾ ಯಕ್ಷಗಾನ ತಂಡದ ಅಭಿಮನ್ಯು. ಕಚೇರಿಯಲ್ಲಿ ಫೈಲು ಹಾರುವುದಿಲ್ಲ, ರಂಗಸ್ಥಳದಲ್ಲಿ ಅವಳು ಇಳಿಯುವುದಿಲ್ಲ. ಗಾಳಿಯಲ್ಲಿ ಗಿರ್ರನೆ ತಿರುಗಿ ಹಾರುವ ದಿಗಿಣಕ್ಕೆ ಅವಳದು ದೊಡ್ಡ ಹೆಸರು.

"ಯಾವ ಸ್ಪೋರ್ಟ್ಸ್ ಅಕ್ಕ?" ರಿಸೆಪ್ಷನ್ನಿನ ಜಸ್ನಾ ಪೆನ್ನು ಹಿಡಿದು ಕೇಳಿದಳು.

"ಯಕ್ಷಗಾನ."

"ಅದು ಈ ಲಿಸ್ಟಲ್ಲಿ ಇಲ್ಲ. ಲಾಂಗ್ ಜಂಪಿಗೆ ಟಿಕ್ ಹಾಕ್ಲಾ?"

"ಲಾಂಗ್ ಅಲ್ಲ. ಇದ್ದಲ್ಲೇ ಮೇಲೆ ಹಾರುವುದು."

"ಹಾಗಾದ್ರೆ ಹೈ ಜಂಪ್. ಆಯ್ತು, ಒಳಗೆ ಹೋಗಿ."

ಒಳಗಿದ್ದವನು ಡಾಕ್ಟರ್ ಶ್ರವಣ್. ಮೂವತ್ತರ ಪ್ರಾಯ, ಘಟ್ಟದ ಬುಡದ ಕಕ್ಕಿಂಜೆಯ ಕಡೆಯವನು, ನಸುಕಿಗೇ ಎದ್ದು ಓಡುವ ಮೂಡಬಿದಿರೆಯ ಹುಡುಗ ಹುಡುಗಿಯರ ಕಾಲುಗಳನ್ನೆಲ್ಲ ರಿಪೇರಿ ಮಾಡುವವನು. ಇಬ್ಬರ ಮನೆಮಾತೂ ತುಳುವೇ. ಆದರೆ ಡಾಕ್ಟರ ಮೇಜು ಕಂಡ ಕೂಡಲೇ ನಮ್ಮವರ ನಾಲಿಗೆ ಇಸ್ತ್ರಿ ಹಾಕಿದ ಕನ್ನಡಕ್ಕೆ ಹೊರಳುತ್ತದೆ.

"ಬಾರ್ ಎಷ್ಟು ಎತ್ತರ?" ಶ್ರವಣ್ ಫಾರ್ಮಿನಿಂದ ತಲೆಯೆತ್ತದೆ ಕೇಳಿದ.

"ಬಾರಿಗೆಲ್ಲ ನಾವು ಹೋಗುವುದಿಲ್ಲ ಡಾಕ್ಟ್ರೇ."

ಈಗ ತಲೆ ಎದ್ದಿತು. ಎದುರಿಗೆ ಎರಡು ದೊಡ್ಡ ಕಣ್ಣು, ಒಂದು ಅರ್ಧ ನಗು.

"ಕೋಚ್ ಯಾರು?"

"ಲೋಕಯ್ಯ ಮಾಷ್ಟ್ರು."

"ಫೀಲ್ಡ್?"

"ಕುರುಕ್ಷೇತ್ರ."

"ಎದುರಾಳಿಗಳು ಎಷ್ಟು ಜನ?"

"ಏಳು. ಒಟ್ಟಿಗೇ ಬರ್ತಾರೆ."

"ಒಟ್ಟಿಗೆ ಬರ್ಲಿಕ್ಕೆ ರೂಲ್ಸಲ್ಲಿ ಇಲ್ಲವಲ್ಲ!"

"ಅದನ್ನೇ ನಾನು ಎಷ್ಟು ವರ್ಷದಿಂದ ಹೇಳ್ತಾ ಇದ್ದೇನೆ."

ಪರದೆಯ ಆಚೆ ಜಸ್ನಾ ಕಿಸಕ್ಕನೆ ನಕ್ಕಳು. ಶ್ರವಣನ ಕಿವಿ ತುಸು ಕೆಂಪಾಯಿತು. ಡಾಕ್ಟರ ಕಿವಿ ಕೆಂಪಾಗುವುದನ್ನು ಸುರಕ್ಷಾ ಮೊದಲ ಸಲ ನೋಡಿದ್ದು. ಚೆನ್ನಾಗಿತ್ತು.

ಅವನು ಸ್ಟೂಲು ಎಳೆದು ಕುಳಿತು ಅವಳ ಬಲಗಾಲನ್ನು ಮೆತ್ತೆಯ ಮೇಲಿಟ್ಟ. ಮೊಣಗಂಟಿನ ಕೆಳಗೆ, ಎಲುಬಿನ ಒಳಬದಿಯ ಅಂಚಿನುದ್ದಕ್ಕೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಬಂದ. ಪಾದದ ಕಡೆ ಇಳಿಯುತ್ತಿದ್ದಂತೆ ಚಕ್ರವ್ಯೂಹಕ್ಕೆ ಹೆದರದ ಅಭಿಮನ್ಯು "ಅಯ್ಯಬ್ಬಾ" ಎಂದ.

"ನೋವು ಎಲ್ಲಿ ಅಂತ ನೀವೇ ತೋರಿಸಿ."

ಸುರಕ್ಷಾ ಅಂಗೈಯನ್ನೇ ಎಲುಬಿನ ಮೇಲೆ ಉದ್ದಕ್ಕೆ ಇಟ್ಟಳು.

"ಒಳ್ಳೇದು."

"ನೋಯುವುದು ಒಳ್ಳೇದಾ?"

"ಅಂಗೈಯಷ್ಟು ಉದ್ದಕ್ಕೆ ನೋಯುವುದು ಇದ್ದದ್ದರಲ್ಲಿ ಒಳ್ಳೇದು. ಒಂದೇ ಬೆರಳು ಇಡುವಷ್ಟು ಜಾಗದಲ್ಲಿ ಚುಚ್ಚಿದ್ರೆ ಎಲುಬು ಬಿರುಕು ಬಿಡ್ತಾ ಉಂಟು ಅಂತ ಹೆದರಬೇಕು. ಇದು ಶಿನ್ ಸ್ಪ್ಲಿಂಟ್ಸ್. ಓಡುವವರಿಗೆ ಬರುವುದು. ಅಭಿಮನ್ಯುವಿಗೆ ಬಂದದ್ದು ನಾನು ನೋಡಿದ್ದು ಇದೇ ಮೊದಲು."

ಆಮೇಲೆ ಅವನು ಪತ್ತೇದಾರಿ ಶುರು ಮಾಡಿದ.

"ಮಳೆಗಾಲದಲ್ಲಿ ಎಷ್ಟು ದಿಗಿಣ?"

"ಸೊನ್ನೆ. ಮೇ ಕೊನೆಯ ಪತ್ತನಾಜೆಗೆ ಆಟ ನಿಂತು ಗೆಜ್ಜೆ ಬಿಚ್ಚಿಟ್ರೆ ಮತ್ತೆ ಕಟ್ಟುವುದು ಸೆಪ್ಟೆಂಬರಿಗೇ."

"ಸೆಪ್ಟೆಂಬರಿನಲ್ಲಿ?"

"ಮೊದಲ ದಿನ ನಲ್ವತ್ತು. ನಾಲ್ಕನೇ ದಿನಕ್ಕೆ ನೂರು."

"ಎಲ್ಲಿ, ಮಣ್ಣಿನ ಮೇಲಾ?"

"ಮಣ್ಣು ಎಲ್ಲಿ ಉಂಟು ಡಾಕ್ಟ್ರೇ? ನಮ್ಮ ಅಂಗಳಕ್ಕೆ ಸಿಮೆಂಟಿನ ಇಂಟರ್‌ಲಾಕ್ ಹಾಕಿಸಿ ಆಯ್ತಲ್ಲ."

ಶ್ರವಣ್ ಕಣ್ಣು ಮುಚ್ಚಿಕೊಂಡ. ಬಂಟ್ವಾಳದಿಂದ ಮೂಡಬಿದಿರೆಯವರೆಗೆ ಈಗ ಇಂಟರ್‌ಲಾಕ್ ಇಲ್ಲದ ಅಂಗಳದವರಿಗೆ ಹೆಣ್ಣು ಕೊಡುವುದೂ ಕಷ್ಟ. ಹಿಂದೆ ಕಲಾವಿದರು ಗದ್ದೆಯ ಮಣ್ಣಿನಲ್ಲಿ ಹಾರುತ್ತಿದ್ದರು. ಮಣ್ಣು ಅರ್ಧ ಪೆಟ್ಟನ್ನು ತಾನೇ ನುಂಗುತ್ತಿತ್ತು. ಇಂಟರ್‌ಲಾಕ್ ಏನನ್ನೂ ನುಂಗುವುದಿಲ್ಲ, ಬಂದದ್ದನ್ನೆಲ್ಲ ವಾಪಸು ಕೊಡುತ್ತದೆ. ಅಷ್ಟು ಪ್ರಾಮಾಣಿಕ ವಸ್ತು ಬೇರೊಂದಿಲ್ಲ.

"ನೋಡಿ ಸುರಕ್ಷಾ ಅವರೇ, ಪ್ರತಿ ಸಲ ಹಾರಿ ಬಿದ್ದಾಗ ಎಲುಬು ಒಂದು ಚೂರು ಸವೆಯುತ್ತದೆ, ಆಮೇಲೆ ತಾನೇ ಕಟ್ಟಿಕೊಳ್ತದೆ. ಕಟ್ಟಿಕೊಳ್ಳಲಿಕ್ಕೆ ಸಮಯ ಕೊಡದೆ ನೀವು ನಾಲ್ಕು ದಿನದಲ್ಲಿ ಸೊನ್ನೆಯಿಂದ ನೂರಕ್ಕೆ ಹೋದ್ರೆ ಅದು ಮುಷ್ಕರ ಹೂಡ್ತದೆ. ಈಗ ಎರಡು ವಾರ ಹಾರುವ ಹಾಗಿಲ್ಲ. ಸೈಕಲ್ ತುಳಿಯಿರಿ, ದಮ್ಮು ಉಳೀತದೆ. ನೋವಾದಲ್ಲಿಗೆ ಬಟ್ಟೆಯಲ್ಲಿ ಸುತ್ತಿ ಐಸು, ಹದಿನೈದು ನಿಮಿಷ. ಹಿಮ್ಮಡಿ ಎತ್ತುವ ವ್ಯಾಯಾಮ ದಿನಾ. ಮತ್ತೆ ಊಟ ಬಿಡಬಾರದು. ಹೊಟ್ಟೆಗೆ ಹಾಕದವರ ಎಲುಬು ಬೇಗ ಸೋಲ್ತದೆ."

"ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿದ್ರೆ?"

"ಎಲುಬಿನ ಮೇಲೆ ತಿಕ್ಕಿದ್ರೆ ಎಣ್ಣೆ ಖರ್ಚಾಗ್ತದೆ."

ಸುರಕ್ಷಾ ನಗಲಿಲ್ಲ. ಡಿಸೆಂಬರಿನ ಮೊದಲ ಆದಿತ್ಯವಾರ ಮೂಡಬಿದಿರೆಯ ಯಕ್ಷಗಾನ ಸಮ್ಮೇಳನದಲ್ಲಿ ಅವರ ಆಟ. ಗಂಡಸರ ನಾಲ್ಕು ತಂಡಗಳ ನಡುವೆ ಮೊದಲ ಸಲ ಹೆಂಗಸರದೊಂದು. ಸಮಿತಿಯ ಅಧ್ಯಕ್ಷ, ಫರಂಗಿಪೇಟೆಯ ಹೋಟೆಲಿನ ಲೋಕನಾಥಣ್ಣ, ಎಲ್ಲರೆದುರು ಕೇಳಿಬಿಟ್ಟಿದ್ದ: "ಹೆಂಗಸರಿಗೆ ನೂರು ದಿಗಿಣ ಆದೀತಾ? ಜನ ಎಣಿಸ್ತಾರೆ, ಗೊತ್ತುಂಟಲ್ಲ?" ಸುರಕ್ಷಾ ಅಲ್ಲೇ ಎದ್ದು ನಿಂತು, "ನೂರೊಂದು" ಎಂದಿದ್ದಳು.

"ಒಂಬತ್ತು ವಾರ ಉಂಟು," ಎಲ್ಲ ಕೇಳಿದ ಶ್ರವಣ್ ಹೇಳಿದ. "ಅಭಿಮನ್ಯುವನ್ನು ರಂಗಸ್ಥಳದಲ್ಲಿ ನಿಲ್ಲಿಸುವ ಜವಾಬ್ದಾರಿ ನನ್ನದು. ನೂರೊಂದರ ಮಾತು ಕೊಟ್ಟವರು ನೀವು, ನಾನಲ್ಲ."

"ಡಾಕ್ಟ್ರು ನನ್ನ ಆಟ ನೋಡಿದ್ದುಂಟಾ?"

"ಯಕ್ಷಗಾನ ಬಹಳ ನೋಡಿದ್ದೇನೆ." ಅವನು ತುಸು ತಡೆದ. "ಗಣಪತಿ ಸ್ತುತಿಯವರೆಗೆ. ಆಮೇಲೆ ನಿದ್ದೆ ಬರ್ತದೆ."

ಸುರಕ್ಷಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ಚಕ್ರವ್ಯೂಹಕ್ಕಿಂತ ದೊಡ್ಡ ಅಧರ್ಮ!

*

ಮಂಗಳವಾರದ ಸಂಜೆಗಳು ಬರತೊಡಗಿದವು.

ಬಂಟ್ವಾಳದಿಂದ ಮೂಡಬಿದಿರೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟೇ ಬೇಕು. ಕಾಲು ನೋಯುವವರಿಗೆ ಕಿಟಕಿ ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಮುಡಿದ ಅಬ್ಬಲಿಗೆ ಹೂ ಯಾಕೆ ಎಂದರೆ ಅದಕ್ಕೂ ಇಲ್ಲ.

"ಅಕ್ಕ, ಹಿಮ್ಮಡಿ ಎತ್ತಲಿಕ್ಕೆ ಹೂ ಬೇಕಾಗ್ತದಾ?" ಜಸ್ನಾ ಕೇಳಿದಳು.

"ಬ್ಯಾಲೆನ್ಸಿಗೆ," ಎಂದಳು ಸುರಕ್ಷಾ.

ಗೋಡೆಗೆ ಎರಡು ಬೆರಳು ತಾಗಿಸಿ, ಒಂಟಿಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಬೇಕು, ನಿಧಾನ ಇಳಿಸಬೇಕು. ಮೊದಲು ಕಾಲು ನೆಟ್ಟಗೆ, ಆಮೇಲೆ ಮೊಣಗಂಟು ಮಡಿಸಿ. ಶ್ರವಣ್ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದ. ಅವನ ಎಣಿಕೆಯಲ್ಲಿ ಒಂದು ದೋಷವಿತ್ತು: ಹದಿನೇಳು ಆದ ಮೇಲೆ ಮತ್ತೆ ಹದಿನಾರು ಬರುತ್ತಿತ್ತು.

"ಡಾಕ್ಟ್ರೇ, ನೀವು ಶಾಲೆಗೆ ಹೋದದ್ದು ಎಲ್ಲಿ?"

"ಕಕ್ಕಿಂಜೆಯಲ್ಲೇ. ಯಾಕೆ?"

"ಅಲ್ಲಿ ಹದಿನಾರು ಎರಡು ಸಲ ಬರ್ತದಾ ಅಂತ."

ಮತ್ತೆ ಆ ಕಿವಿ ಕೆಂಪು.

ಮೂರನೇ ವಾರ ಅವನು ಅವಳನ್ನು ಒಂದು ಮಣೆಯ ಎತ್ತರದಿಂದ ಕೆಳಗೆ ಹಾರಿಸಿದ. ಬರೇ ಅಷ್ಟೇ, ನೆಲಕ್ಕೆ ಇಳಿಯುವುದು. "ಮೊಣಗಂಟು ಮಡಿಸಿ ಇಳಿಯಿರಿ. ಸದ್ದು ಬರಬಾರದು. ಸದ್ದು ಬಂದಷ್ಟೂ ಪೆಟ್ಟು ಎಲುಬಿಗೆ," ಎಂದು ಹೇಳಿ ಕಣ್ಣು ಮುಚ್ಚಿ ಕೈಕಟ್ಟಿ ನಿಂತ. ಅವನು ಅವಳ ಕಾಲನ್ನು ನೋಡುವುದಲ್ಲ, ಆಲಿಸುವುದು. ಶ್ರವಣ್ ಎಂಬ ಹೆಸರಿಟ್ಟವರ ದೂರದೃಷ್ಟಿಯೇ ದೃಷ್ಟಿ.

ಅವನ ಕಣ್ಣು ಮುಚ್ಚಿತ್ತು. ಹಾಗಾಗಿ ಸುರಕ್ಷಾಳ ಕಣ್ಣಿಗೆ ಬಿಡುವಾಯಿತು.

ನೋಡಿದಳು. ಮುಚ್ಚಿದ ರೆಪ್ಪೆ ಉದ್ದ. ಹುಬ್ಬಿನ ತುದಿಯಲ್ಲಿ ಒಂದು ಹಳೆಯ ಗಾಯದ ಗೆರೆ. ತುಟಿ ಎಣಿಕೆಗೆ ಸಿದ್ಧವಾಗಿ ಅರ್ಧ ತೆರೆದಿದೆ. ನೂರಾರು ಜನರೆದುರು ಹಾರಿದವಳಿಗೆ ಹಾಗೆ ಯಾರೂ ಕಾದು ನಿಂತದ್ದು ನೆನಪಿರಲಿಲ್ಲ. ಒಂದು ಸಣ್ಣ ಸದ್ದಿಗಾಗಿ, ಅಲ್ಲ, ಸದ್ದೇ ಇಲ್ಲದ್ದಕ್ಕಾಗಿ.

ಹಾರಿದಳು.

"ಏನೂ ಕೇಳ್ಲಿಲ್ಲ," ಅವನು ಕಣ್ಣು ಮುಚ್ಚಿಯೇ ನಕ್ಕ. "ಭಾರೀ ಚಂದ."

ಸುರಕ್ಷಾಳ ಎದೆಯೊಳಗೆ ಚೆಂಡೆಗೆ ಯಾರೋ ಕೋಲು ಹಾಕಿದರು. ಆ ಸದ್ದು ಅವನಿಗೆ ಕೇಳಿತೋ ಎಂದು ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು.

*

ಎಲ್ಲ ಸರಿಯಾಗಿಯೇ ಇತ್ತು. ಕೆಡಿಸಿದ್ದು ಒಂದು ಫ್ಲೆಕ್ಸು.

ನಾಲ್ಕನೇ ವಾರ ಫರಂಗಿಪೇಟೆಯ ಹೆದ್ದಾರಿಯಲ್ಲಿ ಲೋಕನಾಥಣ್ಣ ಹಾಕಿಸಿದ ಬ್ಯಾನರು ಎದ್ದಿತು. ಅದರಲ್ಲಿ ಸುರಕ್ಷಾಳ ಮುಖಕ್ಕಿಂತ ಅವನ ಮುಖವೇ ದೊಡ್ಡದಿದ್ದರೂ ಅಕ್ಷರ ಸ್ಪಷ್ಟವಾಗಿತ್ತು: "ಶತ ದಿಗಿಣದ ಅಭಿಮನ್ಯು". ಮಂಗಳೂರಿಗೆ ಹೋಗಿ ಬರುವಾಗ ಬಸ್ಸಿನಿಂದ ಅದನ್ನು ಕಂಡ ಸಂಜೆ ಅವಳು ಅಂಗಳಕ್ಕಿಳಿದಳು. ನೋವು ಹೆಚ್ಚುಕಡಿಮೆ ಹೋಗಿತ್ತಲ್ಲ, ಒಮ್ಮೆ ನೋಡುವ ಎಂದು. ಹತ್ತು ಆಯಿತು. ಮೂವತ್ತಾಯಿತು. ತಮ್ಮ ಉಜ್ವಲ್ ಮೊಬೈಲು ಹಿಡಿದು ಎಣಿಸುತ್ತಾ ಹುರಿದುಂಬಿಸಿದ. ಎಪ್ಪತ್ತಕ್ಕೆ ಕಾಲೊಳಗೆ ಸೂಜಿ ಇಳಿದಂತಾಯಿತು. ಉಜ್ವಲ್ ವಿಡಿಯೋವನ್ನು ಸ್ಟೇಟಸ್ಸಿಗೆ ಹಾಕಿದ, ಜೊತೆಗೆ ಬೆಂಕಿಯ ಮೂರು ಚಿತ್ರ.

ಮಂಗಳವಾರ ಶ್ರವಣ್ ಕಾಲು ಒತ್ತಿದ. ಒಂದು ಕಡೆ ಬೆರಳು ನಿಂತಿತು. ಅವಳು ಉಸಿರು ಬಿಗಿಹಿಡಿದಳು.

"ಒಂದೇ ಜಾಗ," ಅವನೆಂದ. "ಎಷ್ಟು ಹಾರಿದ್ರಿ?"

"ಹತ್ತು."

"ಸ್ಟೇಟಸಲ್ಲಿ ಎಪ್ಪತ್ತು ಅಂತ ಉಂಟು. ಜಸ್ನಾ ತೋರಿಸಿದ್ಳು."

ಇಸ್ತ್ರಿ ಹಾಕಿದ ಕನ್ನಡ ಅಲ್ಲಿಗೆ ಮುಗಿಯಿತು. ಜಗಳ ನೇರ ತುಳುವಿಗೆ ಇಳಿಯಿತು.

"ಈರೆಗ್ ದಾದ ಗೊತ್ತುಂಡು?" ನಿಮಗೇನು ಗೊತ್ತು ಎಂದು ಸುರಕ್ಷಾ ಸಿಡಿದಳು. ನಿದ್ದೆ ಹೊಡೆಯುವವರಿಗೆ ಆಟದ ಮರ್ಯಾದೆ ಗೊತ್ತಾಗುವುದಿಲ್ಲ, ನೂರು ಆಗದಿದ್ದರೆ ನಾಳೆ ಇಡೀ ತಾಲೂಕು ಹೆಂಗಸರಿಂದ ಇಷ್ಟೇ ಅಂತ ಹೇಳುತ್ತದೆ, ಅದನ್ನು ಕೇಳಿಸಿಕೊಳ್ಳುವುದು ನಾನು, ನೀವಲ್ಲ ಎಂದಳು.

ಎಲುಬಿಗೆ ಫ್ಲೆಕ್ಸು ಓದಲಿಕ್ಕೆ ಬರುವುದಿಲ್ಲ ಎಂದು ಅವನು. ಬಿರುಕು ಬಿಟ್ಟಿದ್ದರೆ ನೂರೊಂದಲ್ಲ, ಇಡೀ ವರ್ಷ ಒಂದೂ ಇಲ್ಲ ಎಂದು ಅವನೇ. ಹಾಗೆ ಹೇಳುವಾಗ ಅವನ ಧ್ವನಿ ನಡುಗಿತು. ಅದು ಡಾಕ್ಟರ ಧ್ವನಿ ಅಲ್ಲ ಎಂದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

ಅವನು ಮಂಗಳೂರಿನ ಎಲುಬು ಡಾಕ್ಟರಿಗೆ ಚೀಟಿ ಬರೆದುಕೊಟ್ಟ. ಎಕ್ಸ್‌ರೇಯಲ್ಲಿ ಈಗಲೇ ಕಾಣದೆ ಇರಬಹುದು, ಎಂಆರ್‌ಐ ಮಾಡಿಸಬೇಕು ಎಂದ. ಸುರಕ್ಷಾ ಚೀಟಿ ತೆಗೆದುಕೊಂಡು ಹೋದಳು. ರಿಪೋರ್ಟಿಗೆ ಮೂರು ದಿನ. ಮೂರು ದಿನವೂ ಅವಳು ಕಚೇರಿಯ ಕಿಟಕಿಯ ಹಿಂದೆ ಕುಳಿತು, ಮೇಜಿನಡಿಯಲ್ಲಿ ಬಲಗಾಲನ್ನು ಎಡಗಾಲಿನಿಂದ ಸವರಿದಳು, ಮಗುವನ್ನು ಸಮಾಧಾನ ಮಾಡುವಂತೆ.

*

ಶುಕ್ರವಾರ ಮಧ್ಯಾಹ್ನ ಪಹಣಿಯ ಸಾಲಿನಲ್ಲಿ ಹದಿನಾಲ್ಕನೆಯವನಾಗಿ ಶ್ರವಣ್ ನಿಂತಿದ್ದ.

ಕಿಟಕಿಯ ಬಳಿ ಬಂದಾಗ ಸುರಕ್ಷಾ ತಲೆಯೆತ್ತದೆ, "ಅರ್ಜಿ ಎಂತದ್ದು?" ಎಂದಳು. ತಲೆಯೆತ್ತಿ ನೋಡಿ ಪೆನ್ನು ಕೆಳಗಿಟ್ಟಳು.

"ಮಂಗಳೂರಿನ ಡಾಕ್ಟ್ರು ಈಗ ಫೋನ್ ಮಾಡಿದ್ರು. ಬಿರುಕು ಇಲ್ಲ. ಎಲುಬಿನ ಮೇಲ್ಪದರ ಬಾತಿದೆ ಅಷ್ಟೇ. ಇನ್ನು ಎರಡು ವಾರ ಹಾರದೆ ಇದ್ರೆ ಆಟಕ್ಕೆ ನಿಲ್ಲಬಹುದು."

"ಇದನ್ನು ಹೇಳ್ಲಿಕ್ಕೆ ಇಲ್ಲಿವರೆಗೆ ಬಂದ್ರಾ? ನನಗೂ ಫೋನ್ ಉಂಟಲ್ಲ."

"ಉಂಟು. ಆದ್ರೆ ನಾನೊಂದು ವಿಷಯ ಎದುರಿಗೇ ಹೇಳ್ಬೇಕಿತ್ತು." ಹಿಂದಿನಿಂದ ಒಬ್ಬ ಅಜ್ಜ, "ಬೇಗ ಮಾರಾಯ, ಬಸ್ಸುಂಟು," ಎಂದು ಗೊಣಗಿದರು. ಶ್ರವಣ್ ಅವಸರದಲ್ಲಿ ಹೇಳಿದ: "ನಿಮ್ಮ ಕಳೆದ ವರ್ಷದ ಆಟದ ವಿಡಿಯೋ ಪೂರ್ತಿ ನೋಡಿದೆ. ನಿದ್ದೆ ಬರ್ಲಿಲ್ಲ. ಜನ ಎಂಬತ್ತಾರು ಅಂತ ಎಣಿಸಿ ಬೊಬ್ಬೆ ಹಾಕ್ತಾರೆ. ಅದಕ್ಕಿಂತ ಮೊದಲು, ಸುಭದ್ರೆಯ ಆಶೀರ್ವಾದ ತೆಗೊಂಡು ಹೊರಡುವಾಗ, ನೀವು ಒಮ್ಮೆ ತಿರುಗಿ ಅಮ್ಮನನ್ನು ನೋಡ್ತೀರಿ. ಅದೊಂದು ನೋಟ ನಾನು ಹನ್ನೊಂದು ಸಲ ನೋಡಿದೆ. ಎಲ್ಲರೂ ನಿಮ್ಮನ್ನು ಎಣಿಸ್ತಾರೆ ಸುರಕ್ಷಾ. ನೋಡುವುದಿಲ್ಲ."

'ಅವರೇ' ಬಿದ್ದುಹೋದದ್ದು ಅವಳಿಗೆ ತಿಳಿಯಿತು. ಹೆಕ್ಕಿ ಕೊಡುವ ಮನಸ್ಸಾಗಲಿಲ್ಲ.

"ನನ್ನ ಪ್ರಕಾರ ಇಪ್ಪತ್ತು ದಿಗಿಣ," ಅವನೆಂದ. "ಆದ್ರೆ ರಂಗಸ್ಥಳ ನಿಮ್ಮದು, ತೀರ್ಮಾನವೂ ನಿಮ್ಮದೇ."

"ಮಗಾ," ಅಜ್ಜ ಈಗ ಕಿಟಕಿಗೇ ಬಾಯಿಟ್ಟರು, "ಇಪ್ಪತ್ತೋ ನೂರೋ, ನನ್ನದೊಂದು ಪಹಣಿ ಕೊಡು."

*

ಎರಡು ವಾರ ಅವಳು ಒಂದೂ ಹಾರಲಿಲ್ಲ. ಮೂರನೇ ವಾರ ಹತ್ತು, ಅದೂ ಲೋಕಯ್ಯ ಮಾಷ್ಟ್ರ ಮನೆಯ ಹಿಂದಿನ ಮಣ್ಣಿನಲ್ಲಿ, ದಿನ ಬಿಟ್ಟು ದಿನ. ಮರುದಿನ ಬೆಳಗ್ಗೆ ನೋವಿಲ್ಲದಿದ್ದರೆ ಮಾತ್ರ ಮುಂದಕ್ಕೆ. ಹಾಗೆ ಹದಿನಾಲ್ಕು, ಹಾಗೆ ಇಪ್ಪತ್ತು. "ಇಪ್ಪತ್ತೇ?" ಎಂದು ಮಾಷ್ಟ್ರು ಮೊದಲು ಮುಖ ಸಿಂಡರಿಸಿದರು. ಆಮೇಲೆ ತಮ್ಮ ಮೊಣಗಂಟು ನೀವಿಕೊಳ್ಳುತ್ತಾ, "ನಮಗೆ ಆಗ ಹೀಗೆ ಹೇಳುವವರು ಯಾರೂ ಇರ್ಲಿಲ್ಲ," ಎಂದರು. ಸಿಮೆಂಟಿನ ವೇದಿಕೆಗೆ ಹಾಸಲು ಪುತ್ತಿಗೆಯ ಕಬಡ್ಡಿ ಹುಡುಗರ ಮ್ಯಾಟನ್ನು ಕೇಳಿ ತಂದವರೂ ಅವರೇ.

ಡಿಸೆಂಬರಿನ ಆ ಆದಿತ್ಯವಾರ ಮಧ್ಯಾಹ್ನ ಎರಡಕ್ಕೆ ಆಟ. ಈಗೆಲ್ಲ ಕಾಲಮಿತಿಯ ಯಕ್ಷಗಾನ. ಸುರಕ್ಷಾಳದು ಕಾಲಿಗೂ ಮಿತಿಯಿದ್ದ ಯಕ್ಷಗಾನ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಲೋಕನಾಥಣ್ಣ. ಅವನಿಂದ ನಾಲ್ಕು ಕುರ್ಚಿ ಆಚೆ ಜಸ್ನಾ, ಅವಳ ಪಕ್ಕ ಶ್ರವಣ್. ನಿದ್ದೆ ಬಂದರೆ ಚಿವುಟಲು ಜಸ್ನಾಳಿಗೆ ಮೊದಲೇ ಅಧಿಕಾರ ಕೊಡಲಾಗಿತ್ತು.

ಭಾಗವತಿಕೆ ಶುಭಶ್ರೀಯದು. ಪದ ಏರಿತು, ಚೆಂಡೆ ಏರಿತು, ಅಭಿಮನ್ಯು ವ್ಯೂಹದೊಳಗೆ ನುಗ್ಗಿದ. ಮೊದಲ ದಿಗಿಣಕ್ಕೇ ಜನ ಶುರು ಮಾಡಿದರು: ಒಂದು! ಎರಡು! ಮೂರು!

ಸದ್ದಿಲ್ಲದೆ ಇಳಿಯುತ್ತಿದ್ದಳು ಸುರಕ್ಷಾ. ಹತ್ತು. ಹದಿನೈದು. ಕಾಲಿನಲ್ಲಿ ನೋವೆಂಬುದರ ಹೆಸರಿಲ್ಲ. ಹದಿನೆಂಟು. ಮೈ ಹೂವಿನ ಹಾಗೆ. ಹತ್ತೊಂಬತ್ತು. ಹೀಗೇ ಹೋದರೆ ನೂರೊಂದು ಇವತ್ತೇ, ಈಗಲೇ ಆಗಿಬಿಡುತ್ತದೆ!

ಇಪ್ಪತ್ತು!

ಚೆಂಡೆಯವಳು ವೇಗ ಹೆಚ್ಚಿಸಿದಳು. ಜನ "ಹೋಗಲಿ, ಹೋಗಲಿ!" ಎಂದು ಕೂಗಿದರು. ಸುರಕ್ಷಾ ಶ್ರವಣನತ್ತ ನೋಡಿದಳು. ಅವನು ತಲೆ ಅಲ್ಲಾಡಿಸಿದರೆ ಹಟಕ್ಕಾದರೂ ಹಾರುತ್ತಿದ್ದಳೇನೋ. ಅವನು ಅಲ್ಲಾಡಿಸಲಿಲ್ಲ. ಇಪ್ಪತ್ತೊಂದನೆಯದು ಅವಳಿಗೇ ಸೇರಿದ್ದು ಎಂಬಂತೆ ಸುಮ್ಮನೆ ನೋಡುತ್ತಾ ಕುಳಿತಿದ್ದ.

ಅವಳು ನಿಂತಳು.

ಒಂದೇ ಕಾಲಿನ ಮೇಲೆ, ಹಿಮ್ಮಡಿ ಎತ್ತಿ, ಬಿಲ್ಲು ಹಿಡಿದ ಕೈ ಚಾಚಿ, ಅಲುಗಾಡದೆ. ಚೆಂಡೆ ಗಲಿಬಿಲಿಗೊಂಡು ನಿಂತಿತು. ಎಣಿಸುತ್ತಿದ್ದ ಬಾಯಿಗಳು ತೆರೆದೇ ಉಳಿದವು. ಎಣಿಸಲು ಏನೂ ಇಲ್ಲದ ಜನ ಬೇರೆ ದಾರಿ ಕಾಣದೆ ನೋಡಲು ತೊಡಗಿದರು. ಹಾಗೆ ನಿಂತ ಪಾದವನ್ನು ಮೆಲ್ಲನೆ ಇಳಿಸಿ ಅವಳು ದ್ರೋಣನತ್ತ ತಿರುಗಿದಳು. ಯಕ್ಷಗಾನದ ಮಾತಿಗೆ ಪುಸ್ತಕವಿಲ್ಲ. ಆ ಕ್ಷಣ ಹೊಳೆದದ್ದೇ ಮಾತು.

"ಆಚಾರ್ಯರೇ! ನುಗ್ಗುವ ವಿದ್ಯೆಯೊಂದೇ ಬಲ್ಲ ಹುಡುಗ ಎಂದು ಲೋಕವೆಲ್ಲ ನನಗಾಗಿ ಮರುಗುತ್ತದೆ. ಎಲ್ಲಿ ನಿಲ್ಲಬೇಕೆಂಬ ವಿದ್ಯೆಯನ್ನು ಕಲಿಸುವವರು ನನಗೆ ತಡವಾಗಿ ಸಿಕ್ಕಿದರು. ಆದರೆ ಸಿಕ್ಕಿದರು!"

ದ್ರೋಣನ ವೇಷದ ನೀಲಾವತಿ ಟೀಚರು ನಿವೃತ್ತಿಯಾಗಿ ಆರು ವರ್ಷವಾದರೂ ಮಕ್ಕಳ ಗುಟ್ಟು ಹಿಡಿಯುವ ಚಾಳಿ ಬಿಟ್ಟಿರಲಿಲ್ಲ. ಬಿಳಿ ಗಡ್ಡ ನೀವಿಕೊಂಡು ಕೇಳಿದರು: "ನಾನಿರುವಾಗ ನಿನಗೆ ಇನ್ನೊಬ್ಬ ಗುರುವೇ? ಯಾರವನು? ಯಾವ ದೇಶದವನು?"

"ಘಟ್ಟದ ಬುಡದ ದೇಶದವರು. ಕಣ್ಣು ಮುಚ್ಚಿಯೇ ನನ್ನನ್ನು ಕಂಡವರು."

"ಅವನು ಕಲಿಸಿದ್ದು ಕಾಲಿಗೋ ಮನಸ್ಸಿಗೋ, ಅರ್ಜುನಪುತ್ರ?"

"ಕಾಲಿಗೆ ಅಂತಲೇ ಶುರುವಾದದ್ದು ಆಚಾರ್ಯರೇ!"

ಸಭೆ ನಗುವಿನಲ್ಲಿ ಒಡೆದುಹೋಯಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಲೋಕನಾಥಣ್ಣನೂ, ಎಣಿಸುತ್ತಿದ್ದ ಬೆರಳುಗಳನ್ನು ಬಿಚ್ಚಿ, ಎದ್ದು ನಿಂತು ಚಪ್ಪಾಳೆ ತಟ್ಟಿದ. ಜಸ್ನಾ ಪಕ್ಕಕ್ಕೆ ನೋಡಿದಳು. ಎರಡು ಕಿವಿಗಳು ರಂಗಸ್ಥಳದ ಬೆಳಕಿಗಿಂತ ಕೆಂಪಗೆ ಉರಿಯುತ್ತಿದ್ದವು.

*

ಕಲಾವಿದರು ಬಣ್ಣ ಹಚ್ಚುವ ಚೌಕಿಯಲ್ಲಿ ಸುರಕ್ಷಾ ಕನ್ನಡಿಯ ಮುಂದೆ ಕುಳಿತು ತೆಂಗಿನೆಣ್ಣೆಯಿಂದ ಬಣ್ಣ ತೆಗೆಯುತ್ತಿದ್ದಳು. ಅರ್ಧ ಮುಖ ಸುರಕ್ಷಾ ಆಗಿತ್ತು, ಇನ್ನರ್ಧ ಇನ್ನೂ ಅಭಿಮನ್ಯುವೇ. ಕನ್ನಡಿಯಲ್ಲಿ ಶ್ರವಣ್ ಕಾಣಿಸಿಕೊಂಡ.

"ನೋವು ಉಂಟಾ?"

"ಇಲ್ಲ. ಬೇಕಾದ್ರೆ ಮಂಗಳವಾರ ಪರೀಕ್ಷೆ ಮಾಡಿ."

"ಮಂಗಳವಾರ ನಾನು ನಿಮ್ಮನ್ನು ನೋಡುವುದಿಲ್ಲ. ನಿನ್ನೆ ನಿಮ್ಮ ಫೈಲು ಕ್ಲೋಸ್ ಮಾಡಿದೆ. ಇನ್ನು ಮುಂದಿನ ವ್ಯಾಯಾಮ ಉಡುಪಿಯ ನನ್ನ ಗೆಳತಿ ನೋಡಿಕೊಳ್ತಾಳೆ, ಒಳ್ಳೆಯ ಫಿಸಿಯೋ."

ಸುರಕ್ಷಾಳ ಕೈ ಕೆನ್ನೆಯ ಮೇಲೆ ನಿಂತಿತು. "ಯಾಕೆ? ನಾನು ಮರ್ಯಾದೆ ತೆಗೆದೆನಾ, ಎಲ್ಲರೆದುರು?"

"ಅಲ್ಲ. ಡಾಕ್ಟರಾಗಿ ಇದ್ದುಕೊಂಡು ಕೇಳಬಾರದ ಪ್ರಶ್ನೆ ಒಂದುಂಟು. ಫೈಲು ತೆರೆದಿಟ್ಟುಕೊಂಡು ಕೇಳಿದ್ರೆ ತಪ್ಪಾಗ್ತದೆ."

ಅವಳು ಮೆಲ್ಲನೆ ಕುರ್ಚಿ ತಿರುಗಿಸಿದಳು. ಅರ್ಧ ನಗು ಅಭಿಮನ್ಯುವಿನದು, ಇನ್ನರ್ಧ ಅವಳದು.

"ಉತ್ತರ ಹೌದು," ಎಂದಳು.

"ನಾನು ಇನ್ನೂ ಕೇಳಲೇ ಇಲ್ಲ!"

"ಹಾಗಾದ್ರೆ ಕೇಳಿ. ಉತ್ತರ ಬದಲಾಗುವುದಿಲ್ಲ."

ಹೊರಗೆ ಮುಂದಿನ ತಂಡದ ಚೆಂಡೆ ಎದ್ದಿತು. ಅವನು ಬಗ್ಗಿ, ತುಳುವಿನಲ್ಲಿ, ಅವಳಿಗೊಬ್ಬಳಿಗೇ ಕೇಳುವಷ್ಟು ಮೆತ್ತಗೆ ಕೇಳಿದ. ಪೂರ್ತಿ ಕೇಳಿದ, ಒಂದು ಪದವನ್ನೂ ನುಂಗದೆ. ಅವಳು ಎಣ್ಣೆಯ ಬಟ್ಟೆಯನ್ನು ಅವನ ಕೈಗೆ ಕೊಟ್ಟು ಮುಖ ಮುಂದೆ ಚಾಚಿದಳು.

ಶ್ರವಣ್ ಮಣ್ಣಿನ ವಿಗ್ರಹ ಮುಟ್ಟುವವನಂತೆ ನಿಧಾನವಾಗಿ, ಉಳಿದರ್ಧದ ಬಣ್ಣ ಒರೆಸತೊಡಗಿದ.